ಮುಚ್ಚಳ ಮುಟ್ಟಬೇಡ

ಎಗಂಬೆರ್ದಿ ಆ ಕಾವುಪೆಟ್ಟಿಗೆಯನ್ನು ಪೇಟೆಯಿಂದ ನೆಟ್ಟಗಿನ ದಾರಿಯಲ್ಲಿ ತರಲಿಲ್ಲ. ಮೊದಲು ಚಹಾದಂಗಡಿಯ ಮುಂದೆ ಹಾದ, ಆಮೇಲೆ ಮಸೀದಿಯ ಮುಂದೆ, ಆಮೇಲೆ ಕ್ಷೌರದಂಗಡಿಯ ಮುಂದೆ. ಮೂರು ಕಡೆಯೂ ಸುಸ್ತಾದವನಂತೆ ಪೆಟ್ಟಿಗೆ ಇಳಿಸಿ, ಹಣೆ ಒರೆಸಿಕೊಂಡು, ಇದೇನು ಎಂದು ಯಾರಾದರೂ ಕೇಳುವವರೆಗೂ ನಿಂತ. ಅದು ಥರ್ಮೋಕೋಲಿನ ಪೆಟ್ಟಿಗೆ, ಕೂಸೊಂದು ಕಂಕುಳಲ್ಲಿ ಇಟ್ಟುಕೊಂಡು ಓಡಬಹುದಾದಷ್ಟು ಹಗುರ. ಅವನು ಮನೆ ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಸೇರಿ, ಬಹ್ರಿನಿಸೋಳ ಅಂಗಳದ ಗೋಡೆಯಾಚೆಯಿಂದ ಮೂವರು ಹೆಂಗಸರು ಇಣುಕಿ ಹೋಗಿದ್ದರು.

"ತಗೊಳ್ಳಿ ಅತ್ತಿಗೆ. ಹೇಂಟೆ ಹೋದ್ರೆ ಹೋಗ್ಲಿ, ಅದಕ್ಕಿಂತ ಒಳ್ಳೇದು ತಂದಿದೀನಿ. ಇದು ಕಾಳು ಕೇಳಲ್ಲ, ಹಿಕ್ಕೆ ಹಾಕಲ್ಲ, ಸುಮ್‌ಸುಮ್ನೆ ಕಿರುಚಲ್ಲ."

"ನಿನಗಿಂತ ವಾಸಿ ಹಾಗಾದ್ರೆ," ಎಂದಳು ಬಹ್ರಿನಿಸೋ.

ಎಗಂಬೆರ್ದಿ ಅವಳ ಗಂಡನ ತಮ್ಮ. ಮರ್ಗಿಲಾನ್ ಪಟ್ಟಣದ ಹೊರಗೆ, ಹಿಪ್ಪುನೇರಳೆ ಸಾಲಿನ ಪಕ್ಕದ ಬೀದಿಯಲ್ಲಿ ಅಣ್ಣತಮ್ಮಂದಿರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ನಡುವಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಮಾವ ಕಟ್ಟಿಸುವಾಗ ಪ್ರೀತಿಗೆಂದು ಬಿಟ್ಟ ಬಾಗಿಲು ಅದು. ಅದರಲ್ಲಿ ಈಚೆಗೆ ಬಂದದ್ದೆಲ್ಲ ಎಗಂಬೆರ್ದಿಯ ಮೀಸೆ, ಎಗಂಬೆರ್ದಿಯ ಬಡಾಯಿ, ಮತ್ತು ಮೊನ್ನೆ ಎಗಂಬೆರ್ದಿಯ ನಾಯಿ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಬಹ್ರಿನಿಸೋ ಈ ಮೈದುನನನ್ನು ಅಳೆದು, ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದಳು: ಕುಂಬಳಕಾಯಿ. ಹೊರಗೆ ಇಷ್ಟು ಗಾತ್ರ, ಒಳಗೆ ನಾಲ್ಕು ಬೀಜ, ಉಳಿದದ್ದು ಗಾಳಿ. ಇಷ್ಟು ವರ್ಷದಲ್ಲಿ ಆ ಅಭಿಪ್ರಾಯ ಬದಲಿಸುವಂಥದ್ದೇನನ್ನೂ ಅವನು ಮಾಡಿರಲಿಲ್ಲ.

ಹಾಗೆಂದು ಅವಳ ತಾತ್ಸಾರ ಅವನೊಬ್ಬನಿಗೆ ಮೀಸಲಾಗಿತ್ತು ಎನ್ನುವಂತಿಲ್ಲ. ಆ ವಿಷಯದಲ್ಲಿ ಬಹ್ರಿನಿಸೋ ಧಾರಾಳಿ. ಗಂಡ ಮಾಮರಸೂಲನಿಗೂ ತಕ್ಕ ಪಾಲು ಸಿಕ್ಕಿತ್ತು. ಅವನಿಗೆ ಕುಲಂಗಿ ಹುಂಜಗಳ ಹುಚ್ಚು. ತಾತನ ಕಾಲದಿಂದ ಕೈಯಿಂದ ಕೈಗೆ ಬಂದ ತಳಿ. ಕೊಕ್ಕರೆಯಂಥ ಕಾಲು, ಪೈಲ್ವಾನನಂಥ ಎದೆ. ಹೆಂಡತಿಯ ಹತ್ತಿರ ಆಡುವ ಮಾತಿಗಿಂತ ಹುಂಜದ ಹತ್ತಿರ ಆಡುತ್ತಿದ್ದದ್ದೇ ಹೆಚ್ಚು. ಆ ಹುಂಜ ಬೇರೆ ಕೋಳಿಗಳಂತೆ ಚುರುಕಾಗಿ ಕೂಗಿ ಮುಗಿಸುತ್ತಿರಲಿಲ್ಲ. ಗಂಭೀರವಾಗಿ ಶುರು ಮಾಡಿ, ಎಳೆದು, ಕೊನೆಗೆ ಬಾವಿಯೊಳಗಿಂದ ಕೊಡ ಮೇಲೆ ಬರುವ ಹಾಗೆ ನರಳಿ ನಿಲ್ಲಿಸುತ್ತಿತ್ತು. "ಇದೂ ಒಂದು ಕೂಗಾ! ಗಂಟಲಲ್ಲಿ ಖರ್ಜೂರದ ಬೀಜ ಸಿಕ್ಕಿಕೊಂಡ ಹಾಗೆ!" ಎಂದು ಬಹ್ರಿನಿಸೋ ದಿನಾ ಬೆಳಿಗ್ಗೆ ಹಾಸಿಗೆಯಿಂದಲೇ ಬೈಯುತ್ತಿದ್ದಳು. ಮಾಮರಸೂಲ ದಿನಾ ನಗುತ್ತಿದ್ದ. ಅದೇ ಅವರ ದಾಂಪತ್ಯ ಎಂದರೂ ತಪ್ಪಿಲ್ಲ.

ಮಾಮರಸೂಲ ತೀರಿಕೊಂಡ ಮೇಲೂ ಅವನ ಕೊನೆಯ ಹುಂಜ ಸರ್ದೋರ್ ಕೂಗುತ್ತಲೇ ಇತ್ತು, ಇವಳು ಬೈಯುತ್ತಲೇ ಇದ್ದಳು. ನಗುವವನಿಲ್ಲ ಎನ್ನುವುದೊಂದನ್ನು ಬಿಟ್ಟರೆ ಬೆಳಗು ಹಳೆಯ ಬೆಳಗೇ. ಈ ಚಳಿಗಾಲದ ಕೊನೆಗೆ ಸರ್ದೋರ್ ಕೂಡ ಮುದಿಯಾಗಿ ಸತ್ತಿತು. ಮರುದಿನ ಬೆಳಿಗ್ಗೆ ಬಹ್ರಿನಿಸೋ ಎಚ್ಚರವಾಗಿ ಬೈಯಲು ಬಾಯಿ ತೆರೆದಳು. ಬೈಯಲು ಏನೂ ಇರಲಿಲ್ಲ. ಗಂಡ ಸತ್ತದ್ದು ಅವಳಿಗೆ ನಿಜವಾಗಿ ತಿಳಿದದ್ದು ಆ ಬೆಳಿಗ್ಗೆ. ಅವಳಿಗೆ ಭಯವಾಯಿತು.

ಹುಂಜ ಸತ್ತರೂ ಕೆಲವು ದಿನ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ ಉಳಿದಿರುತ್ತದೆ. ಇದನ್ನು ಮಾಮರಸೂಲನೇ ಹೇಳಿದ್ದ, ಅವಳು ಕೇಳಿಸಿಕೊಳ್ಳದ ಹಾಗೆ ಕೇಳಿಸಿಕೊಂಡಿದ್ದಳು. ಮನೆಯಲ್ಲಿ ಉಳಿದಿದ್ದ ಒಂದೇ ಹೇಂಟೆ ಇಟ್ಟ ಮೊಟ್ಟೆಗಳನ್ನು ತವುಡಿನಲ್ಲಿ ಹುಗಿದು, ದಿನಾ ಮಗ್ಗುಲು ಬದಲಿಸುತ್ತ ಇಟ್ಟಳು. ಒಂಬತ್ತಾಗಿದ್ದಾಗ ಎಗಂಬೆರ್ದಿಯ ನಾಯಿ, ಹುಲಿ ಎಂಬ ಹೆಸರಿನ ಆ ಹೇಡಿ ಪ್ರಾಣಿ, ಸಣ್ಣ ಬಾಗಿಲಿನಿಂದ ಬಂದು ಹೇಂಟೆಯನ್ನು ಮುಗಿಸಿತು. ಆ ಚಳಿಯಲ್ಲಿ ಕೇರಿಯ ಯಾರ ಮನೆಯಲ್ಲೂ ಕಾವಿಗೆ ಕೂರುವ ಕೋಳಿ ಇರಲಿಲ್ಲ. ತಳಿ ಎಂದರೆ ಇನ್ನು ಆ ಒಂಬತ್ತು ಮೊಟ್ಟೆ, ಅಷ್ಟೇ. ನಾಯಿಯ ತಪ್ಪಿಗೆ ಕ್ಷಮೆ ಕೇಳುವುದು ಎಗಂಬೆರ್ದಿಯ ಜಾಯಮಾನವಲ್ಲ. ಆದ್ದರಿಂದ ಪೆಟ್ಟಿಗೆ ತಂದಿದ್ದ. ಬೇಡ ಎನ್ನುವ ಸ್ಥಿತಿಯಲ್ಲಿ ಬಹ್ರಿನಿಸೋ ಇರಲಿಲ್ಲ. ಅದು ಅವಳನ್ನು ಇನ್ನಷ್ಟು ಉರಿಸಿತು.

ಪೆಟ್ಟಿಗೆಯ ತಳದಲ್ಲಿ ನೀರು ಹಾಕುವ ಕಾಲುವೆ, ಮುಚ್ಚಳದಲ್ಲಿ ಅಂಗೈಯಗಲದ ಗಾಜು, ಪಕ್ಕದಲ್ಲಿ ಶಾಖ ಮತ್ತು ತೇವ ತೋರಿಸುವ ಎರಡು ಅಂಕಿಗಳು. ಜೊತೆಗೆ ಬಂದ ಕಾಗದ ಚೀನೀ ಭಾಷೆಯಲ್ಲಿತ್ತು. ಎಗಂಬೆರ್ದಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ತಲೆದೂಗಿದ.

"ತೇವ ಜಾಸ್ತಿ ಇದ್ದಷ್ಟೂ ಒಳ್ಳೇದು ಅತ್ತಿಗೆ. ನೀರು ತುಂಬ್ಸಿ."

"ಕಾಗದದಲ್ಲಿ ಬರೆದಿದೆಯಾ?"

"ಕ್ಷೌರದವನ ಬೀಗರು ಹೇಳಿದ್ರು. ಅವರ ಊರಲ್ಲಿ ಒಬ್ರು ಕೋಳಿಫಾರಂ ನೋಡಿದಾರೆ."

"ನೋಡಿದಾರೆ," ಎಂದಳು ಬಹ್ರಿನಿಸೋ. ಅಷ್ಟೇ ಅಂದದ್ದು. ಅದರಲ್ಲಿ ಎಲ್ಲವೂ ಇತ್ತು.

ಅವಳು ಪ್ರಾಯದಿಂದಲೂ ವಸಂತದಲ್ಲಿ ರೇಷ್ಮೆಹುಳು ಮೇಯಿಸಿದವಳು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಮನೆಯ ಗಾಳಿ ಎಷ್ಟು ಒಣಗಿರಬೇಕು, ಎದ್ದಾಗ ಎಷ್ಟು ಹಸಿಯಿರಬೇಕು ಎಂಬುದನ್ನು ಮೊಣಕೈಯ ಚರ್ಮದಲ್ಲಿ ಹೇಳುತ್ತಿದ್ದಳು. ಕೋಳಿಮೊಟ್ಟೆಯ ಸಂಗತಿ ಗಂಡನ ಹರಟೆಯಿಂದ ಗೊತ್ತಿತ್ತು. ಶುರುವಿನಲ್ಲಿ ಮೊಟ್ಟೆ ಸ್ವಲ್ಪ ಸ್ವಲ್ಪವೇ ಒಣಗಬೇಕು. ಒಣಗಿದರೆ ಅದರ ದಪ್ಪ ತುದಿಯಲ್ಲಿ ಗಾಳಿಯ ಖಾನೆ ಬೆಳೆಯುತ್ತದೆ, ಮರಿ ಮೊದಲ ಉಸಿರು ತೆಗೆಯುವುದು ಅಲ್ಲಿಂದ. ಆಗ ನೀರು ಹೆಚ್ಚಾದರೆ ಮರಿ ಚಿಪ್ಪಿನೊಳಗೇ ಮುಳುಗಿ ಸಾಯುತ್ತದೆ. ಒಡೆಯುವ ಕಾಲಕ್ಕೆ ಇದಕ್ಕೆ ತದ್ವಿರುದ್ಧ: ಒಳಗಿನ ಪೊರೆ ಮೆತ್ತಗಿರಲು ಎಷ್ಟು ತೇವ ಕೊಟ್ಟರೂ ಸಾಲದು. ಕಾವಿಗೆ ಕೂತ ಕೋಳಿಯ ಗೂಡಿನ ಸುತ್ತ ಕೊನೆಯ ದಿನಗಳಲ್ಲಿ ಮಾಮರಸೂಲ ಬಾಯಿಯಲ್ಲಿ ಬೆಚ್ಚನೆ ನೀರು ತುಂಬಿಕೊಂಡು ಉಗ್ಗುತ್ತಿದ್ದ. ಮೊದಲು ಜಿಪುಣತನ, ಕೊನೆಗೆ ಧಾರಾಳತನ, ಗುಟ್ಟು ಇಷ್ಟೇ.

ಈ ಗುಟ್ಟನ್ನು ಎಗಂಬೆರ್ದಿಗೆ ಅವಳು ಹೇಳಲಿಲ್ಲ. ಅವನು ದಿನಾ ಸಣ್ಣ ಬಾಗಿಲಿನಿಂದ ಬಂದು, ಅಂಕಿ ನೋಡಿ ತ್ಚು ತ್ಚು ಎಂದು, ಇವಳು ತಂದೂರಿನ ಹತ್ತಿರವಿದ್ದಾಗ ಕದ್ದು ಒಂದು ಪಿಯಾಲೆ ನೀರು ಸುರಿದು ಹೋಗುತ್ತಿದ್ದ. ಇವಳು ಬಂದು ಹತ್ತಿಬಟ್ಟೆಯಲ್ಲಿ ಆ ನೀರನ್ನು ಹೀರಿ ತೆಗೆಯುತ್ತಿದ್ದಳು. ಅವನು ಸುರಿಯುವುದು, ಇವಳು ಹೀರುವುದು. ಇಬ್ಬರೂ ಒಂದು ಮಾತಾಡದೆ ಹೀಗೆ ಯುದ್ಧ ನಡೆಸಿದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೋಣನ ಮುಂದೆ ಕಿನ್ನರಿ ಬಾರಿಸುವ ದರಿದ್ರ ನನಗೇನು ಬಂದಿದೆ ಎನ್ನುವುದು ಅವಳ ವಾದ. ಹೇಳಿದರೆ ಅವನು ಅದನ್ನೇ ಚಹಾದಂಗಡಿಯಲ್ಲಿ ತನ್ನ ಮಾತಾಗಿ ಹೇಳುತ್ತಾನೆ, ಬೇರೇನೂ ಆಗುವುದಿಲ್ಲ.

ಉಗ್ರಾಣದ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಾಗ ಎರಡು ಮೊಟ್ಟೆ ಬಂಜೆ. ಉಳಿದ ಏಳರಲ್ಲಿ ನರಗಳು ಹರಡಿದ್ದವು, ಕಪ್ಪು ಚುಕ್ಕೆಯೊಂದು ಮಿಡುಕುತ್ತಿತ್ತು. ಬಹ್ರಿನಿಸೋ ಆ ಚುಕ್ಕೆಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಕೊನೆಯ ದಿನಗಳು ಬಂದವು. ಅವಳು ಕಾಲುವೆಗಳನ್ನು ತುಂಬಿಸಿ, ಒದ್ದೆ ಸ್ಪಂಜು ಇಟ್ಟು, ಮುಚ್ಚಳ ಹಾಕಿದಳು. ಒಲೆಯ ಶಾಖಕ್ಕೆ ಕೋಣೆ ಒಣಗುತ್ತದೆಂದು ಸುತ್ತ ಹಗ್ಗ ಕಟ್ಟಿ ನೆನೆಸಿದ ದುಪ್ಪಟಿಗಳನ್ನು ನೇತುಹಾಕಿದಳು. ಕಿಟಕಿಗಳು ಬೆವರಿದವು. ಎಗಂಬೆರ್ದಿಯ ಹೆಂಡತಿ ಶರೋಫತ್ ಇಣುಕಿ ನೋಡಿ ಮೂಗಿಗೆ ಸೆರಗು ಹಿಡಿದಳು.

"ಅಯ್ಯೋ ಅಕ್ಕಾ, ಮನೇನ ಹಮ್ಮಾಮು ಮಾಡ್ಬಿಟ್ಟಿದೀರಲ್ಲ!"

"ಬಾ ಹಾಗಾದ್ರೆ, ಸ್ನಾನ ಮಾಡು. ನಿನಗೂ ಬೇಕಾಗಿದೆ."

ಓರಗಿತ್ತಿಯರು ಎಂದಮೇಲೆ ಇಷ್ಟು ಇದ್ದೇ ಇರುತ್ತದೆ. ಶರೋಫತ್ ಕೆಟ್ಟವಳಲ್ಲ. ಅವಳಿಗೆ ಜಗತ್ತಿನಲ್ಲಿ ಗೊತ್ತಿದ್ದ ರೋಗ ಒಂದೇ, ಕಣ್ಣುದೃಷ್ಟಿ. ಗೊತ್ತಿದ್ದ ಮದ್ದು ಒಂದೇ, ಇಸಿರಿಕ್ ಸೊಪ್ಪಿನ ಹೊಗೆ. ಮಗು ಅತ್ತರೆ ಹೊಗೆ, ಹಸು ಒದ್ದರೆ ಹೊಗೆ, ಹೊಸ ಕಾರಿಗೆ ಹೊಗೆ. ಈ ಭಕ್ತಿಯನ್ನು ಬಹ್ರಿನಿಸೋ ಎಗಂಬೆರ್ದಿಯ ಮೀಸೆಯ ಪಕ್ಕದಲ್ಲೇ ಇಟ್ಟು ತೂಗಿದ್ದಳು; ಎರಡಕ್ಕೂ ಒಂದೇ ತೂಕ.

ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಸದ್ದು ಬಂತು. ಒಂದು ಮೊಟ್ಟೆಯ ಮೇಲೆ ಉಗುರಿನಷ್ಟು ಬಿರುಕು. ಗಾಜಿನ ಮೇಲೆ ಕೂತ ಹಬೆಯ ನಡುವೆ ಅಷ್ಟೇ ಕಂಡಿತು. ಅವಳು ಪೆಟ್ಟಿಗೆಗೆ ಕಿವಿಯಿಟ್ಟಳು. ಒಳಗೆ ಎಳೆ ದನಿಯೊಂದು ಕೀಚ್ ಎಂದಿತು, ಇನ್ನೊಂದು ಮೊಟ್ಟೆ ಉತ್ತರ ಕೊಟ್ಟಿತು.

"ಇದೂ ಒಂದು ಕೂಗಾ," ಎಂದಳು ಬಹ್ರಿನಿಸೋ, ಪೆಟ್ಟಿಗೆಗೆ ಮಾತ್ರ ಕೇಳಿಸುವ ಹಾಗೆ. ಅವಳ ಕಣ್ಣು ತುಂಬಿತ್ತು. ಯಾರೂ ಇಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ.

ಅದೇ ಗಳಿಗೆಗೆ ಬೀದಿಯ ಕೊನೆಯ ಮನೆಯಿಂದ ಅಳು ಎದ್ದಿತು. ಆ ಮನೆಯ ಮುದುಕಿ ತಿಂಗಳಿಂದ ಸಾಯುತ್ತಿದ್ದಳು. ಸಾಯಲು ಇದೇ ದಿನ ಹುಡುಕಿದಳು. ಸಾವಿನ ಮನೆಗೆ ಹೋಗದವಳ ಸಾವಿಗೆ ಯಾರೂ ಬರುವುದಿಲ್ಲ. ಅದೂ ಅಲ್ಲದೆ ಆ ಬೀದಿಯಲ್ಲಿ ಹೆಣ್ಣುಹೆಣಕ್ಕೆ ಸ್ನಾನ ಮಾಡಿಸುವಾಗ ನೀರು ಎರೆಯುವ ಹಿರಿಯರಲ್ಲಿ ಬಹ್ರಿನಿಸೋ ಒಬ್ಬಳು. ಹೋಗಲೇಬೇಕು. ಸಾವಿನ ಮನೆಗೆ ತೊಡುವ ನೀಲಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಬಟ್ಟೆ ಬಿಗಿದು, ಸಣ್ಣ ಬಾಗಿಲಿನಲ್ಲಿ ನಿಂತು ಮೈದುನನನ್ನೂ ಓರಗಿತ್ತಿಯನ್ನೂ ಕರೆದಳು.

"ಮೊಟ್ಟೆ ಒಡೀತಿದೆ. ನಾನು ಬರೋವರೆಗೂ ಮುಚ್ಚಳ ಮುಟ್ಟಬೇಡ."

"ಯಾಕೆ ಅತ್ತಿಗೆ?" ಎಂದ ಎಗಂಬೆರ್ದಿ. ನಿಜವಾಗಿಯೂ ಕೇಳಿದ, ಅಪರೂಪಕ್ಕೆ ಅವನ ಮುಖದಲ್ಲಿ ತಿಳಿಯುವ ಆಸೆ ಇತ್ತು.

"ಹೇಳಿದ್ರೆ ನಿನಗೆ ತಿಳಿಯುತ್ತಾ? ಮುಟ್ಟಬೇಡ ಅಂದ್ರೆ ಮುಟ್ಟಬೇಡ. ನೋಡಬೇಕು ಅನ್ಸಿದ್ರೆ ಗಾಜಿದೆ, ನೋಡು."

ಅಷ್ಟು ಹೇಳಿ ಹೋದಳು.

ಗಂಡಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಕೂಟ ಅವತ್ತು ಎಗಂಬೆರ್ದಿಯ ಮನೆಯಲ್ಲಿತ್ತು. ಅಷ್ಟು ಹೊತ್ತಿಗೆ ಪಲಾವಿನ ಕಡಾಯಿ ಒಲೆಯ ಮೇಲಿತ್ತು. ಸಾವಿನ ಮನೆಯ ಜನಾಜಾ ನಮಾಜು ಮುಗಿಸಿದವರೆಲ್ಲ ನೇರ ಇಲ್ಲಿಗೇ ಬಂದರು. ದುಃಖದ ಪ್ರಾರ್ಥನೆಗೂ ಪಲಾವಿನ ಪ್ರಾರ್ಥನೆಗೂ ಒಂದೇ ಥರ ಗಡ್ಡ ಸವರಿಕೊಳ್ಳುವ ಜನ. ಮೊದಲು ಉಂಡರು, ಆಮೇಲೆ ಹಸಿರು ಚಹಾ ಹೀರಿದರು. ಆಮೇಲೆ ಒಬ್ಬ, ಕ್ಷೌರದವನೇ ಇರಬೇಕು, "ಎಲ್ಲಿ ನಿನ್ನ ಯಂತ್ರ?" ಎಂದ. ಇಷ್ಟು ಸಾಕಾಯಿತು. ಎಗಂಬೆರ್ದಿ ಎಲ್ಲರನ್ನೂ ಸಣ್ಣ ಬಾಗಿಲಿನಿಂದ ಕರೆತಂದ. ಅವರು ಸರದಿಯಂತೆ ಬಗ್ಗಿ ಗಾಜಿನಲ್ಲಿ ನೋಡಿದರು. ಬಹ್ರಿನಿಸೋ ಇಟ್ಟ ತೇವಕ್ಕೆ ಗಾಜು ಹಾಲಿನಷ್ಟು ಬೆಳ್ಳಗಾಗಿತ್ತು.

"ಏನೂ ಕಾಣಲ್ಲವಲ್ಲೋ. ಒಳಗೆ ಮೊಟ್ಟೆ ಇದೆಯೋ ಅಥವಾ ನಿನ್ನ ಟೋಪಿ ಇದೆಯೋ?"

ಮನೆಗೆ ಬಂದ ಅತಿಥಿ ಏನಾದರೂ ನೋಡಲು ಬಂದು ನೋಡದೆ ಹೋದರೆ ಆ ಸೀಮೆಯಲ್ಲಿ ಮನೆಯವನಿಗೆ ಮುಖವಿಲ್ಲ. ಎಗಂಬೆರ್ದಿ ಮುಚ್ಚಳ ಎತ್ತಿದ. ಒಬ್ಬೊಬ್ಬರೂ ನಿಧಾನವಾಗಿ ನೋಡಿದರು, ಬೆರಳಿಟ್ಟು ತೋರಿಸಿದರು, ಹುಂಜವೋ ಹೇಂಟೆಯೋ ಎಂದು ವಾದ ಮಾಡಿದರು. ಅವರು ಹೋದ ಮೇಲೆ ಶರೋಫತ್ ಬಂದಳು. ಅಷ್ಟು ಗಂಡಸರ ಕಣ್ಣು ಆ ಎಳೆ ಜೀವಗಳ ಮೇಲೆ ಬಿದ್ದಿದೆ ಎಂದು ಅವಳು ಒಲೆಯಿಂದ ಕೆಂಡ ತಂದಳು. ಒಳ್ಳೆಯ ಮನಸ್ಸಿನಿಂದ, ದೇವರ ಹೆಸರು ಹೇಳಿ, ಕೆಂಡದ ಬಾಣಲೆಗೆ ಇಸಿರಿಕ್ ಸುರಿದಳು. ಅಷ್ಟರಲ್ಲಿ ಎಗಂಬೆರ್ದಿ ಮುಚ್ಚುತ್ತಿದ್ದ ಮುಚ್ಚಳವನ್ನು, ಹೊಗೆ ಒಳಗೆ ಹೋಗಲಿ ಎಂದು ಮತ್ತೆ ತೆಗೆಸಿದಳು.

ಬಹ್ರಿನಿಸೋಗೆ ವಾಸನೆ ಬೀದಿಯಲ್ಲೇ ಬಂತು. ಅವಳು ಓಡಿದಳು, ಆ ವಯಸ್ಸಿನಲ್ಲಿ, ಆ ನೀಲಿ ಅಂಗಿಯಲ್ಲಿ. ಕೋಣೆಯ ಬಾಗಿಲು ಬಾಯಿ ತೆರೆದಿತ್ತು, ದುಪ್ಪಟಿಗಳು ಒಣಗಿ ಸೆಟೆದಿದ್ದವು, ಶರೋಫತ್ ಕಣ್ಣು ಮುಚ್ಚಿ ಬಾಣಲೆಯನ್ನು ಪೆಟ್ಟಿಗೆಯ ಮೇಲೆ ಸುತ್ತಿಸುತ್ತಿದ್ದಳು. ತೇವದ ಅಂಕಿ ನೆಲ ಕಚ್ಚಿತ್ತು.

"ಏನು ಮಾಡ್ತಿದೀಯೇ!"

"ದೃಷ್ಟಿ ತೆಗೀತಿದೀನಿ ಅಕ್ಕಾ, ಎಲ್ರೂ ನೋಡ್ಬಿಟ್ರು..."

"ನಿನ್ನ ಕಣ್ಣು ಹಿಂಗಿಹೋಗ! ತೆಗೆಯೇ ಆ ಬೆಂಕೀನ! ಲೋ ಕುಂಬಳಕಾಯಿ, ಮುಟ್ಟಬೇಡ ಅಂದಿರ್ಲಿಲ್ವೇನೋ? ಕನ್ನಡಿ ಮುಂದೆ ಮೀಸೆ ತಿರುವೋಕೆ ಮಾತ್ರ ಬರೋದಾ ಆ ಕೈಗೆ?"

ಮನಸ್ಸಿನೊಳಗಿನ ಹೆಸರು ಹೊರಗೆ ಬಂದದ್ದು ಅವತ್ತೇ ಮೊದಲು. ಅವಳು ಮೊಟ್ಟೆಗಳ ಮೇಲೆ ಬಗ್ಗಿದಳು. ಬಿರಿದ ಚಿಪ್ಪುಗಳೊಳಗೆ ಬೆಳ್ಳಗೆ ಮೆತ್ತಗಿರಬೇಕಾದ ಪೊರೆ ಈರುಳ್ಳಿ ಸಿಪ್ಪೆಯ ಹಾಗೆ ಕಂದಾಗಿ, ಮರಿಗಳ ಮೈಗೆ ಬಿಗಿದುಕೊಂಡಿತ್ತು. ಕೊಕ್ಕುಗಳು ಹೊರಗಿದ್ದವು, ತಿರುಗಲು ಆಗುತ್ತಿರಲಿಲ್ಲ. ಎರಡು ಮೊಟ್ಟೆ ಆಗಲೇ ಸುಮ್ಮನಾಗಿದ್ದವು.

ಕೆಟಲ್ ಕುದಿಯಲಿಟ್ಟು, ಬಾಗಿಲು ಕಿಟಕಿ ಜಡಿದು, ಕೋಣೆಯ ತುಂಬ ಹಬೆ ಎಬ್ಬಿಸಿದಳು. ಕೆಲಸ ಐದು ಮೊಟ್ಟೆಯದು, ಕೈ ಎರಡೇ. ಬೇರೆ ಯಾರಾದರೂ ಇದ್ದಿದ್ದರೆ ಆ ಇಬ್ಬರನ್ನು ಅಂಗಳದಾಚೆಗೆ ಅಟ್ಟುತ್ತಿದ್ದಳು. ಯಾರೂ ಇರಲಿಲ್ಲ.

"ಕೂತ್ಕೊಳ್ಳಿ ಇಬ್ರೂ. ಬಟ್ಟೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಮೊಟ್ಟೇನ ಅದರೊಳಗೆ ಹಿಡ್ಕೊಳ್ಳಿ. ಪೊರೆ ಒಣಗಿದೆ. ಒಣಗಿದ್ರೆ ಮರಿ ಒಳಗೇ ಬಿಗಿದು ಸಾಯುತ್ತೆ. ಪೊರೆ ಮೆತ್ತಗಾಗ್ಬೇಕು, ಮರಿ ತಾನಾಗೇ ತಿರುಗ್ಬೇಕು. ಕಿತ್ತರೆ ರಕ್ತ ಬರುತ್ತೆ. ಕೊಕ್ಕಿಗೆ ನೀರು ತಾಗಬಾರ್ದು. ಅದಕ್ಕೇ ಮುಚ್ಚಳ ಮುಟ್ಟಬೇಡ ಅಂದಿದ್ದು, ಒಂದು ಸಲ ತೆಗೆದ್ರೆ ಒಳಗಿನ ತೇವ ಎಲ್ಲಾ ಹೋಗುತ್ತೆ, ಗೊತ್ತಾಯ್ತಾ?"

ಎಗಂಬೆರ್ದಿ ಒದ್ದೆಬಟ್ಟೆಯೊಳಗಿನ ಮೊಟ್ಟೆಯನ್ನು ನೋಡುತ್ತ ಕೂತಿದ್ದ.

"ಇಷ್ಟೇನಾ ಅತ್ತಿಗೆ?"

"ಇನ್ನೇನು ಬೇಕಿತ್ತು?"

"ಇಷ್ಟು ಬೆಳಿಗ್ಗೇನೇ ಹೇಳಿದ್ರೆ ಆ ಮುಚ್ಚಳದ ಮೇಲೆ ನಾನೇ ಕೂತು ಕಾಯ್ತಿದ್ದೆನಲ್ಲ. ಕೇಳಿದೆನಲ್ಲ ನಿಮ್ಮನ್ನ, ಯಾಕೆ ಅಂತ."

ಬಹ್ರಿನಿಸೋ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು. ಹಿಂಡಿದಳು.

ಕಿತ್ತರೆ ರಕ್ತ ಎಂದು ಹೇಳಿದವಳೇ ಆತುರ ತಾಳದೆ ಚಿಪ್ಪಿನ ಒಂದು ಚೂರು ಕಿತ್ತಳು. ಪೊರೆಯ ಮೇಲೆ ಕೆಂಪು ಗೆರೆ ಮೂಡಿ, ಮರಿ ಎರಡು ಸಲ ಕೊಕ್ಕು ತೆರೆದು ನಿಲ್ಲಿಸಿತು. ಅವಳ ಕೈಯಲ್ಲಿದ್ದ ಇನ್ನೊಂದೂ ಉಳಿಯಲಿಲ್ಲ. ಶರೋಫತ್ ಅಳುತ್ತ ಹಿಡಿದಿದ್ದ ಎರಡು, ಅವಳು ಅಳುತ್ತಿದ್ದಂತೆಯೇ ತಣ್ಣಗಾದವು. ಎಗಂಬೆರ್ದಿಯ ಕೈಯಲ್ಲಿ ಒಂದು. ಅವನು ಬೆರಳು ಆಡಿಸಲಿಲ್ಲ. ಆ ಬೆರಳುಗಳಿಂದ ನಾಜೂಕು ಕೆಲಸ ಆಗದೆಂದು ಅವನಿಗೇ ಗೊತ್ತಿತ್ತು. ಮೊಟ್ಟೆಯನ್ನು ಮೀಸೆಯ ಹತ್ತಿರ ಹಿಡಿದು ಹಾ, ಹಾ ಎಂದು ಬಿಸಿ ಉಸಿರು ಬಿಡುತ್ತಿದ್ದ. ಬರೀ ಉಸಿರು ಬಿಡುತ್ತ ಅವನು ಎಷ್ಟು ಹೊತ್ತು ಕೂತಾನು? ನಡುನಡುವೆ ಮಾತು ಶುರುವಾಯಿತು. ತಾನು ಸೈನ್ಯದಲ್ಲಿದ್ದಾಗ ಕರಡಿ ಓಡಿಸಿದ್ದು, ಕೊಕಂದಿನಲ್ಲಿ ಒಬ್ಬನ ಲಾರಿಯನ್ನು ಬರಿಗೈಯಲ್ಲಿ ಕೆಸರಿನಿಂದ ಎತ್ತಿದ್ದು, ಎಲ್ಲರೂ ನೂರು ಸಲ ಕೇಳಿ ಒಂದು ಸಲವೂ ನಂಬದ ಆ ಸುಳ್ಳುಗಳನ್ನೆಲ್ಲ ಮೊಟ್ಟೆಗೆ ಸಾಲಾಗಿ ಹೇಳಿದ. ಬಾಯಿ ತುಂಬ ಗಾಳಿ ಎಂದು ಬಹ್ರಿನಿಸೋ ಮೂವತ್ತು ವರ್ಷದಿಂದ ಅಂದುಕೊಂಡದ್ದು ಸುಳ್ಳಲ್ಲ. ಗಾಳಿಯೇ. ಬೆಚ್ಚಗಿನ, ಒದ್ದೆ ಗಾಳಿ.

ಲಾರಿಯ ಕತೆ ಎರಡನೇ ಸಲ ಬರುವ ಹೊತ್ತಿಗೆ ಪೊರೆ ಬೆಳ್ಳಗೆ ಮೆತ್ತಗಾಗಿ, ಮರಿ ಚಿಪ್ಪಿನೊಳಗೆ ಮಗ್ಗುಲು ತಿರುಗಿತು. ಸಂಜೆಗೆ ಅವನ ಅಂಗೈಯಲ್ಲಿ ಒದ್ದೆ ಚಿಂದಿಯಂಥದ್ದೊಂದು ಬಿದ್ದುಕೊಂಡು, ಅವನ ಮುಖ ನೋಡಿ ಕೀಚ್ ಎಂದಿತು.

ಏಳರಲ್ಲಿ ಅದೊಂದೇ.

ಬಹ್ರಿನಿಸೋ ಮರಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಉಳಿದ ಆರನ್ನು ಬಟ್ಟೆಯಲ್ಲಿ ಸುತ್ತಿ ಹಿಪ್ಪುನೇರಳೆ ಮರದ ಕೆಳಗೆ ಹೂತಳು. ಆಮೇಲೆ ಇಬ್ಬರನ್ನೂ ಸಣ್ಣ ಬಾಗಿಲಿನಾಚೆಗೆ ಕಳಿಸಿ, ಮಾವ ಪ್ರೀತಿಗೆಂದು ಬಿಟ್ಟ ಆ ಬಾಗಿಲಿಗೆ ಈ ಕಡೆಯಿಂದ ಅಗುಳಿ ಹಾಕಿದಳು.

"ಇನ್ನು ಈ ಹೊಸಿಲು ದಾಟಬೇಡ," ಎಂದಳು. ಈ ಸಲ ಎಗಂಬೆರ್ದಿ ಯಾಕೆ ಎಂದು ಕೇಳಲಿಲ್ಲ.

ಮರಿ ಹುಂಜವಾಯಿತು. ಬೇಸಿಗೆಯಲ್ಲಿ ಕಾಲು ನೀಳವಾಯಿತು, ಎದೆ ಅಗಲವಾಯಿತು. ಮಾಮರಸೂಲ ನೋಡಿದ್ದರೆ ಸಂಭ್ರಮದಲ್ಲಿ ಮೂರು ದಿನ ಊಟ ಬಿಡುತ್ತಿದ್ದ. ಆದರೆ ಅದರ ನಡತೆ ಸರಿಯಿರಲಿಲ್ಲ. ಬಹ್ರಿನಿಸೋ ಕಾಳು ಹಾಕಿದರೆ ತಿನ್ನುತ್ತಿತ್ತು, ತಿಂದು ನೇರ ಹೋಗಿ ಅಗುಳಿ ಹಾಕಿದ ಬಾಗಿಲಿನ ಮುಂದೆ ನಿಲ್ಲುತ್ತಿತ್ತು. ಗೋಡೆಯಾಚೆ ಎಗಂಬೆರ್ದಿ ಯಾರಿಗೋ ಕರಡಿಯ ಕತೆ ಹೇಳುತ್ತಿದ್ದರೆ ಕತ್ತು ಓರೆ ಮಾಡಿ, ಒಂದು ಕಾಲೆತ್ತಿ, ಕತೆ ಮುಗಿಯುವವರೆಗೂ ಕೇಳುತ್ತಿತ್ತು. ಆ ಸುಳ್ಳುಗಳಿಗೆ ಅಷ್ಟು ಭಕ್ತಿಯ ಶ್ರೋತೃ ಹಿಂದೆಂದೂ ಸಿಕ್ಕಿರಲಿಲ್ಲ.

"ನಾಚಿಕೆಗೆಟ್ಟದ್ದೇ," ಎಂದು ಬಹ್ರಿನಿಸೋ ಪೊರಕೆ ಎಸೆಯುತ್ತಿದ್ದಳು. "ನಿನ್ನ ವಂಶ ಏನು, ನೀನು ನಿಲ್ಲೋ ಜಾಗ ಏನು!"

ಶರತ್ಕಾಲ ಬಂತು. ಬೀದಿಯ ಪುಡಿ ಹುಂಜಗಳೆಲ್ಲ ಕೂಗಲು ಕಲಿತವು. ಇದು ಬಾಯಿ ಬಿಡಲಿಲ್ಲ. "ಯಂತ್ರದ ಮರಿ, ಮೂಗ," ಎಂದರು ಗೋಡೆಯಾಚೆಯ ಹೆಂಗಸರು. "ನಿಮ್ಮ ಗಂಡಂದಿರು ಯಂತ್ರದಲ್ಲಿ ಹುಟ್ಟಿದ್ರೆ ನಿಮಗೂ ಸುಖ ಇರ್ತಿತ್ತು," ಎಂದು ಇವಳು ಉತ್ತರ ಕೊಟ್ಟಳು. ಆದರೆ ಪ್ರತಿ ಬೆಳಿಗ್ಗೆ ಎಚ್ಚರವಾಗಿ, ಮಲಗಿದಲ್ಲೇ ಕಾಯುತ್ತಿದ್ದಳು. ಅಂಗಳದಲ್ಲಿ ಕೆರೆಯುವ ಸದ್ದು, ರೆಕ್ಕೆ ಬಡಿಯುವ ಸದ್ದು, ಆಮೇಲೆ ಏನೂ ಇಲ್ಲ. ಪಕ್ಕದ ಖಾಲಿ ಹಾಸಿಗೆಯ ಕಡೆ ಅವಳು ತಿರುಗುತ್ತಿರಲಿಲ್ಲ.

ಅದಕ್ಕೆ ಏನು ಬೇಕೆಂದು ಅವಳಿಗೆ ಗೊತ್ತಿರಲಿಲ್ಲವೆ? ಮೊದಲ ವಾರದಲ್ಲೇ ಗೊತ್ತಿತ್ತು. ಗೊತ್ತಾಗದೆ ಇರಲು ಅವಳೇನು ಎಗಂಬೆರ್ದಿಯೇ? ಗೊತ್ತಿದ್ದೂ ಬೇಸಿಗೆಯಿಡೀ ಆ ಅಗುಳಿಯನ್ನು ದಿನಕ್ಕೆ ಹತ್ತು ಸಲ ನೋಡಿ, ಹತ್ತು ಸಲ ಮುಖ ತಿರುಗಿಸಿದಳು. ಒಬ್ಬ ಮನುಷ್ಯನನ್ನು ಅಷ್ಟು ವರ್ಷ ನಿಷ್ಠೆಯಿಂದ ತಾತ್ಸಾರ ಮಾಡಿದ ಮೇಲೆ ಅದನ್ನು ಬಿಡುವುದು ಹಲ್ಲು ಕೀಳಿಸಿಕೊಂಡಂತೆಯೇ.

ಮೊದಲ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಅವಳು ತಂದೂರಿಗೆ ನಾನ್ ರೊಟ್ಟಿ ಬಡಿಯುತ್ತಿದ್ದಳು. ಹುಂಜ ಬಾಗಿಲಿನ ಮುಂದೆ ನಿಂತಿತ್ತು. ಆಚೆ ಎಗಂಬೆರ್ದಿ ಕೆಮ್ಮಿದ. ಬಹ್ರಿನಿಸೋ ಹಿಟ್ಟಿನ ಕೈಯಲ್ಲೇ ಹೋಗಿ ಅಗುಳಿ ಎಳೆದಳು.

ಅವನು ಅಂಗಳದ ನಡುವೆ ಚಹಾದ ಪಿಯಾಲೆ ಹಿಡಿದು ನಿಂತಿದ್ದ. ಮೀಸೆ ಬೆಳ್ಳಗಾಗಿತ್ತು, ಅದನ್ನು ಅವಳು ಗಮನಿಸಿರಲಿಲ್ಲ. ಬಾಗಿಲು ತೆರೆದದ್ದು ನೋಡಿ ಅವನು ಹೆಜ್ಜೆ ಇಡಲೋ ಬೇಡವೋ ಎಂದು ತಡೆದ.

ಹುಂಜಕ್ಕೆ ಆ ಸಂಕೋಚ ಇರಲಿಲ್ಲ. ಹೊಸಿಲ ಮೇಲೆ ಹತ್ತಿತು, ಅವನನ್ನು ನೋಡಿತು, ರೆಕ್ಕೆ ಬಡಿದು ಕತ್ತು ಚಾಚಿತು. ಗಂಭೀರವಾಗಿ ಶುರು ಮಾಡಿತು, ಎಳೆಯಿತು, ಕೊನೆಗೆ ಬಾವಿಯೊಳಗಿಂದ ಕೊಡ ಮೇಲೆ ಬರುವ ಹಾಗೆ ನರಳಿ ನಿಲ್ಲಿಸಿತು. ಮಾಮರಸೂಲನ ಹುಂಜದ ಕೂಗೇ ಅದು, ಒಂದು ಎಳೆಯೂ ತಪ್ಪದೆ.

"ಇದೂ ಒಂದು ಕೂಗಾ!" ಎಂದಳು ಬಹ್ರಿನಿಸೋ. "ಗಂಟಲಲ್ಲಿ ಖರ್ಜೂರದ..." ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು, ಹಿಟ್ಟು ಕೆನ್ನೆಗೆ ಮೆತ್ತಿತು. ಎಗಂಬೆರ್ದಿ ಅದನ್ನು ನೋಡದವನಂತೆ ಪಿಯಾಲೆಯೊಳಗೆ ನೋಡಿದ.

"ನಾಳೆ ಬೆಳಿಗ್ಗೆ ಬಾ," ಎಂದಳು. "ಈ ಬಾಗಿಲಿಂದಾನೇ ಬಾ. ದಿನಾ ಬಾ."

"ಯಾಕೆ ಅತ್ತಿಗೆ?"

ಹೇಳಿದ್ರೆ ನಿನಗೆ ತಿಳಿಯುತ್ತಾ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಹ್ರಿನಿಸೋ ಅದನ್ನು ಕಷ್ಟಪಟ್ಟು ನುಂಗಿದಳು.

"ನೀನು ಬಂದ್ರೆ ಮಾತ್ರ ಇದು ಕೂಗುತ್ತೆ. ಇದು ಕೂಗಿದ್ರೆ ನಿಮ್ಮಣ್ಣ ಮನೇಲಿದಾರೆ ಅನ್ಸುತ್ತೆ ನನಗೆ. ಅದಕ್ಕೆ."

ಎಗಂಬೆರ್ದಿ ಪಿಯಾಲೆಯನ್ನು ನೆಲಕ್ಕಿಟ್ಟ. ತಲೆಯಾಡಿಸಿದ. ಹುಂಜ ಅವನ ಬೂಟಿನ ಮೇಲೆ ಹತ್ತಿ ಕೂತಿತು.

"ಬರ್ತೀನಿ ಅತ್ತಿಗೆ."

"ಬರುವಾಗ ನಾಯಿ ಕಟ್ಟಿ ಬಾ, ಕುಂಬಳಕಾಯಿ," ಎಂದು ಬಹ್ರಿನಿಸೋ ನಾನ್ ಸೀದುಹೋಗುತ್ತಿದ್ದ ತಂದೂರಿನ ಕಡೆ ಹೊರಟಳು. ಬಾಗಿಲು ಮುಚ್ಚಲಿಲ್ಲ.